ಅತ್ತೆ ಹಿಡಿಸಿದ ಮೌನವ್ರತ

ಜೆ.ಪಿ. ನಗರ ಏಳನೇ ಹಂತ, ಬೆಂಗಳೂರು
27 ಜುಲೈ 2025, ಭಾನುವಾರ

ರೀ,

ಕಾಗದ ನೋಡಿ ಗಾಬರಿಯಾಗಬೇಡಿ. ಗಂಟಲೊಂದನ್ನು ಬಿಟ್ಟರೆ ನಾನು ಚೆನ್ನಾಗಿಯೇ ಇದ್ದೇನೆ. ಗುರುವಾರ ವಾಟ್ಸಾಪಿನಲ್ಲಿ ‘ದನಿ ಹೋಗಿದೆ, ಡಾಕ್ಟರ ಹತ್ತಿರ ಹೊರಟಿದ್ದೇನೆ’ ಎಂದು ಬರೆದರೆ ನೀವು ಒಂದು ಹೆಬ್ಬೆರಳು ಕಳಿಸಿದಿರಿ. ಸಂಜೆ ಇನ್ನಷ್ಟು ಬರೆದೆ, ಕೈಮುಗಿದ ಚಿತ್ರ ಬಂತು. ಫೋನು ಮಾಡಿ ಜಗಳವಾಡೋಣವೆಂದರೆ ದನಿಯೇ ಇಲ್ಲ. ಆದ್ದರಿಂದ ಕಾಗದ. ಇದಕ್ಕೂ ಹೆಬ್ಬೆಟ್ಟು ಒತ್ತಿ ಕಳಿಸಿದರೆ ಸಿಂಧನೂರಿನ ಬ್ಯಾಂಕ್ ಮ್ಯಾನೇಜರಿಗೆ ಅಕ್ಷರ ಬರುವುದಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಆಗಿದ್ದು ಇಷ್ಟು. ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಬರೀ ಗಾಳಿ ಬಂತು. ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ಟಿವಿಯಲ್ಲಿ ತೋರಿಸಿದರು. ದನಿ ಹೊರಡುವ ಜಾಗದಲ್ಲಿ ಎರಡು ಬಿಳಿ ಪಟ್ಟಿಗಳಿವೆ. ಒಂದರ ಮೇಲೆ ಗಂಟು ಬೆಳೆದಿದೆ, ಅದರ ಪಕ್ಕದಲ್ಲಿ ರಕ್ತ ಕಟ್ಟಿದೆ. ಆಗಸ್ಟ್ ಹದಿನಾರಕ್ಕೆ ಮತ್ತೆ ನೋಡುತ್ತಾರೆ. ಅಲ್ಲಿಯವರೆಗೆ ಒಂದಕ್ಷರ ಆಡುವಂತಿಲ್ಲ, ಪಿಸುಗುಟ್ಟುವುದೂ ಕೂಡದು. ಮತ್ತೆ ರಕ್ತ ಬಂದರೆ ಕಲೆ ನಿಂತು ದನಿ ಪೂರ್ತಿ ಒಡೆದುಹೋಗಬಹುದಂತೆ. ಶಾಲೆಯಲ್ಲಿ ಎಚ್.ಎಂ. ದೀಪಾವಳಿಯವರೆಗೆ ರಜೆ ಕೊಟ್ಟಿದ್ದಾರೆ. ಆಮೇಲೂ ದನಿ ಬರದಿದ್ದರೆ ನನ್ನ ಎರಡನೇ ತರಗತಿಗೆ ಬೇರೆ ಟೀಚರು ಬರುತ್ತಾರೆ.

ಮಕ್ಕಳಿಲ್ಲದ ಮನೆಯಿಂದ ನಾನು ದಿನಾ ಬೆಳಿಗ್ಗೆ ಬನಶಂಕರಿಯ ಆ ಶಾಲೆಗೆ ಯಾಕೆ ಓಡುತ್ತೇನೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕ್ಲಾಸು ನನಗೆ ಬೇಕು. ದನಿಯನ್ನು ವಾಪಸು ತಂದೇ ತರುತ್ತೇನೆ.

ಆಸ್ಪತ್ರೆಯಲ್ಲಿ ದನಿಯ ಅಭ್ಯಾಸ ಕಲಿಸಲು ಶ್ವೇತ ಎಂಬ ಥೆರಪಿಸ್ಟ್ ಇದ್ದಾರೆ. ನನ್ನನ್ನು ಕನ್ನಡಿಯ ಮುಂದೆ ಕೂರಿಸಿ, ‘ಮೇಡಂ, ನಿಮ್ಮ ಭುಜ ಎಲ್ಲಿದೆ ನೋಡ್ಕೊಳ್ಳಿ’ ಎಂದರು. ನೋಡಿದರೆ ಹೆಚ್ಚುಕಮ್ಮಿ ಕಿವಿಯ ಹತ್ತಿರ ಇತ್ತು. ಹಲ್ಲು ಕಚ್ಚಿ, ಭುಜ ಎತ್ತಿ, ಅರ್ಧ ಉಸಿರಿನಲ್ಲಿ ಬದುಕುತ್ತಿದ್ದೇನಂತೆ. ಈಗ ದಿನಾ ಚಾಪೆಯ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಗಣಿತದ ಪುಸ್ತಕ ಇಟ್ಟುಕೊಂಡು ಉಸಿರಾಡಬೇಕು. ಪುಸ್ತಕ ಏಳಬೇಕು, ಎದೆ ಏಳಬಾರದು. ಮೊದಲ ದಿನ ಪುಸ್ತಕ ಅಲ್ಲಾಡಲೇ ಇಲ್ಲ.

ಇದೆಲ್ಲ ಹೇಗೋ ಆಗುತ್ತದೆ. ಆದರೆ ನಿಮ್ಮಮ್ಮ ಮಾಡಿದ ಕೆಲಸ ಕೇಳಿ. ಪಕ್ಕದ ಮನೆಯ ಮುನಿವೆಂಕಟಮ್ಮನವರು ಕಾಂಪೌಂಡಿನ ಆಚೆಯಿಂದ ‘ಶ್ರೀದೇವಿ ಯಾಕೆ ಮಾತಾಡ್ತಿಲ್ಲ?’ ಎಂದು ಕೂಗಿ ಕೇಳಿದ್ದಕ್ಕೆ, ಅತ್ತೆ ಕಣ್ಣು ಮಿಟುಕಿಸದೆ, ‘ಶ್ರಾವಣದ ಮೌನವ್ರತ ಹಿಡಿದಿದ್ದಾಳೆ’ ಎಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಟ್ಟು ಅಲ್ಲಗಳೆಯುವ ಹಾಗೂ ಇಲ್ಲ.

ಕೈಬರಹದಲ್ಲೇ ಉತ್ತರ ಬರಲಿ.

ನಿಮ್ಮ
ಶ್ರೀದೇವಿ

*

ಸಿಂಧನೂರು
4 ಆಗಸ್ಟ್ 2025

ಶ್ರೀ,

ತಪ್ಪಾಯ್ತು ಮಾರಾಯ್ತಿ. ಹೆಬ್ಬೆರಳು ಒತ್ತುವಾಗ ಕೌಂಟರಿನಲ್ಲಿ ಜನ ತುಂಬಿದ್ದರು. ಪೂರ್ತಿ ಓದಿರಲಿಲ್ಲ. ಪೆನ್ನು ಹಿಡಿದು ಕಾಗದ ಬರೆಯುತ್ತಿರುವುದು ಹಾಸ್ಟೆಲಿನಲ್ಲಿದ್ದಾಗಿನ ನಂತರ ಇದೇ ಮೊದಲು. ಅಕ್ಷರ ಸಹಿಸಿಕೋ.

ನನಗೆ ತೋಚಿದ್ದನ್ನು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಆ ಕೆಲಸ ಬಿಟ್ಟು ಇಲ್ಲಿಗೆ ಬಂದುಬಿಡು. ನಲವತ್ತೆಂಟು ಮಕ್ಕಳ ಮುಂದೆ ಕೂಗಿ ಕೂಗಿ ಗಂಟಲು ಕಳೆದುಕೊಳ್ಳುವ ಅಗತ್ಯ ನಮಗೇನಿದೆ? ಇಲ್ಲಿ ಟ್ರಾಫಿಕ್ಕಿಲ್ಲ, ಓಡುವ ಧಾವಂತವಿಲ್ಲ. ಅಮ್ಮನನ್ನೂ ಕರೆದುಕೊಂಡು ಬರೋಣ.

ಅಮ್ಮ ಹೇಳಿದ ಸುಳ್ಳನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂದಹಾಗೆ, ದನಿ ಹೋಗುವ ಹಿಂದಿನ ದಿನ ಮನೆಯಲ್ಲಿ ಏನಾದರೂ ಆಯಿತಾ? ಅಮ್ಮನನ್ನು ಕೇಳಿದರೆ ಸಾರು ಉಕ್ಕುತ್ತಿದೆ ಎಂದು ಫೋನಿಟ್ಟರು.

ನಿನ್ನ
ಚಿದಾನಂದ

*

ಬೆಂಗಳೂರು
9 ಆಗಸ್ಟ್ 2025

ರೀ,

ಹೌದು, ಆಯಿತು. ಬುಧವಾರ ಸಂಜೆ. ಶಾಲೆ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದು, ಮುಖ ತೊಳೆದು ಶಿವಪೂಜೆಗೆ ಕೂತಿದ್ದೆ. ಒಲೆಯ ಮೇಲೆ ಕುಕ್ಕರ್ ಇತ್ತು, ವಿಸಿಲ್ ಎಣಿಸುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, ‘ಲಿಂಗ ಅಂಗೈಲಿ, ಕಿವಿ ಕುಕ್ಕರ್‌ನಲ್ಲಿ. ಇದೂ ಒಂದು ಪೂಜೆನಾ?’ ಎಂದರು. ನಿಜವನ್ನೇ ಹೇಳಿದ್ದರು, ಅದಕ್ಕೇ ಮೈಯೆಲ್ಲ ಉರಿಯಿತು. ನಾನು ಉತ್ತರ ಕೊಟ್ಟೆ. ‘ಏನಂದೆ?’ ಎಂದರು. ಮತ್ತೆ ಹೇಳಿದೆ. ಮತ್ತೆ ‘ಏನಂದೆ?’ ಕೊನೆಗೆ ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಕೂಗಿದೆ. ಅವರೂ ಕೂಗಿದರು. ಕಾಂಪೌಂಡಿನ ಆಚೆ ಮುನಿವೆಂಕಟಮ್ಮನವರು ಬಟ್ಟೆ ತೆಗೆಯುವುದನ್ನು ನಿಲ್ಲಿಸಿ ನಮ್ಮ ಮನೆಯ ಕಡೆಗೇ ನೋಡುತ್ತಿದ್ದರು. ಮರುದಿನ ನನ್ನ ಬಾಯಿ ಬಿದ್ದುಹೋಯಿತು. ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಿದ್ದಾಳೆ ಎಂದು ಬೀದಿ ಆಡಿಕೊಳ್ಳುವ ಮೊದಲೇ ಅತ್ತೆ ನನಗೆ ವ್ರತ ಹಿಡಿಸಿದರು.

ಈಗ ಆ ವ್ರತ ಊರಿಗೆಲ್ಲ ಗೊತ್ತಾಗಿದೆ. ಮೊದಲು ಮುನಿವೆಂಕಟಮ್ಮನವರು ಬಾಳೆಹಣ್ಣು ಹಿಡಿದು ಬಂದರು. ಪುಟ್ಟೇನಹಳ್ಳಿಯ ಹಳೇ ಮನೆತನ, ಗೊತ್ತಲ್ಲ. ನಾಲ್ಕು ಬಿಲ್ಡಿಂಗಿನ ಬಾಡಿಗೆ ಬರುತ್ತದೆ, ಇಬ್ಬರು ಗಂಡುಮಕ್ಕಳು ಅದಕ್ಕಾಗಿ ದಿನಾ ಕಿತ್ತಾಡುತ್ತಾರೆ. ‘ನಮ್ಮನೇಲಿ ಕೂಗಾಟ ಕೇಳಿ ಕೇಳಿ ತಲೆ ಒಡ್ದೋಗ್ತದೆ ಕಣಮ್ಮ, ನಿನ್ ಜೊತೆ ಒಂದರ್ಧ ಗಂಟೆ ಸುಮ್ಕೆ ಕೂತ್ಕೋತೀನಿ’ ಎಂದರು. ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಮರುದಿನ ನಮ್ಮ ಮಹಡಿಯ ಬಾಡಿಗೆಯ ಹುಡುಗಿ ದಿವ್ಯ ಬಂದಳು. ಆಫೀಸಿನ ಮೀಟಿಂಗು ಎಂದರೆ ಅವಳಿಗೆ ಹೆದರಿಕೆ. ಫೋನನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿಟ್ಟು ಒಳಗೆ ಬರುತ್ತಾಳೆ. ಆಮೇಲೆ ಅತ್ತೆ ವಚನ ಹಾಡಲು ಹೋಗುವ ‘ಅಕ್ಕನ ಬಳಗ’ದ ಹೆಂಗಸರು ಬಂದರು. ಈಗ ಸಂಜೆ ಹಾಲ್ ತುಂಬುತ್ತದೆ. ಒಬ್ಬರು ಮಗನ ಹಾಲ್ ಟಿಕೆಟ್ ತಂದು ನನ್ನ ಕೈ ಮುಟ್ಟಿಸಿಕೊಂಡು ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟು ಜನರ ನಡುವೆ ಏಳುವಂತಿಲ್ಲ, ಗಡಿಯಾರ ನೋಡುವಂತಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ, ಶ್ವೇತ ಹೇಳಿದ ಹಾಗೆ ಹೊಟ್ಟೆಯಿಂದ ಉಸಿರಾಡುತ್ತೇನೆ. ಮೊದಮೊದಲು ತಲೆಯ ತುಂಬ ನಿಮ್ಮಮ್ಮನಿಗೆ ಕೊಡಬೇಕಾದ ಉತ್ತರಗಳೇ ಓಡುತ್ತಿದ್ದವು. ಎಲ್ಲ ಬಹಳ ಚೆನ್ನಾದ ಉತ್ತರಗಳು. ನಿನ್ನೆ ಸ್ವಲ್ಪ ಹೊತ್ತು ಅವೂ ನಿಂತವು. ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಮಾತ್ರ ಕಾಣುತ್ತಿತ್ತು. ಕಣ್ಣಲ್ಲಿ ನೀರು ಬಂತು, ಯಾಕೆ ಎಂದು ತಿಳಿಯಲಿಲ್ಲ. ಭುಜ ತನ್ನಷ್ಟಕ್ಕೇ ಇಳಿದಿತ್ತು.

ಬೆಳಿಗ್ಗೆ ಕೆರೆಯ ಸುತ್ತ ನಡೆಯುತ್ತೇನೆ, ಕತ್ತು ಸಡಿಲಿಸುತ್ತೇನೆ, ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತೇನೆ. ಗಣಿತ ಪುಸ್ತಕ ಈಗ ಏಳುತ್ತಿದೆ.

ಸಿಂಧನೂರಿಗೆ ಬರುವುದಿಲ್ಲ. ಈ ಮಾತನ್ನು ಇನ್ನೊಮ್ಮೆ ಎತ್ತಬೇಡಿ.

ಶ್ರೀದೇವಿ

*

ಬೆಂಗಳೂರು
17 ಆಗಸ್ಟ್ 2025, ಭಾನುವಾರ

ರೀ,

ನಿನ್ನೆ ಮತ್ತೆ ಕ್ಯಾಮೆರಾ ಇಳಿಸಿದರು. ಗಂಟಿನ ಊತ ಕಡಿಮೆಯಾಗಿದೆ, ರಕ್ತ ಪೂರ್ತಿ ಕರಗಿಲ್ಲ. ಇನ್ನೂ ಮೂರು ವಾರ ಬಾಯಿ ಮುಚ್ಚಿಕೊಂಡಿರಬೇಕು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳುವಾಗಲೂ ಸದ್ದು ಮಾಡಬಾರದು ಎಂದು ಶ್ವೇತ ಎಚ್ಚರಿಸಿದ್ದರಿಂದ ಅದನ್ನೂ ನೆಟ್ಟಗೆ ಮಾಡಲಾಗಲಿಲ್ಲ.

ಮನೆಗೆ ಬಂದರೆ ಶಾಮಿಯಾನದವನು ಅಳತೆ ತೆಗೆಯುತ್ತಿದ್ದಾನೆ. ನಾಳೆ ಶ್ರಾವಣದ ಕೊನೆಯ ಸೋಮವಾರ. ಅತ್ತೆ ‘ವ್ರತ ಸಮಾಪ್ತಿ’ ಇಟ್ಟುಕೊಂಡಿದ್ದಾರೆ. ಮಠದ ಅಯ್ಯನವರು ಬರುತ್ತಾರೆ, ಮೈಕು ಬರುತ್ತದೆ, ಊಟಕ್ಕೆ ಬೀದಿಗೆ ಬೀದಿಯೇ ಬರುತ್ತದೆ. ಎಲ್ಲರ ಮುಂದೆ ಮೈಕಿನಲ್ಲಿ ನಾನು ಮೊದಲ ಮಾತಾಡಬೇಕು. ಡಾಕ್ಟರು ಹೇಳಿದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಓದಿ ಅವರ ಮುಖ ಬಿಳಿಚಿಕೊಂಡಿತು. ಆಮೇಲೆ, ‘ಒಂದೇ ಒಂದ್ಸಲ ಓಂ ನಮಃ ಶಿವಾಯ ಅಂದ್ಬಿಡಮ್ಮ. ಶಿವನ ಹೆಸರು ಹೇಳಿದ್ರೆ ಯಾರ ಗಂಟಲಿಗೂ ಏನೂ ಆಗಲ್ಲ’ ಎಂದು ಅಂಗಲಾಚಿದರು.

ನಾನು ಬರೆದೆ: ಆಗುವುದಿಲ್ಲ. ನಾಳೆ ನಾನು ಬಾಯಿ ತೆರೆಯುವುದಿಲ್ಲ. ನಿಜ ಏನೆಂದು ನೀವೇ ಹೇಳಿ. ನೀವು ಹೇಳದಿದ್ದರೆ ನಾನು ಬರೆದುಕೊಡುತ್ತೇನೆ, ದಿವ್ಯ ಓದುತ್ತಾಳೆ.

ಆಗಿನಿಂದ ಅವರು ಅಡುಗೆಮನೆ ಬಿಟ್ಟು ಬಂದಿಲ್ಲ. ನಾನು ಬರೆದಿದ್ದನ್ನು ಅಳಿಸುವುದಿಲ್ಲ.

ಇನ್ನೊಂದು ವಿಷಯ. ನಿನ್ನೆ ಶ್ವೇತ, ‘ಅತಿ ಹೆಚ್ಚು ಕೂಗಿ ಮಾತಾಡೋದು ಎಲ್ಲಿ?’ ಎಂದು ಕೇಳಿದರು. ‘ಶಾಲೆ’ ಎಂದು ಬರೆದೆ. ಬರೆದು ಯೋಚನೆಗೆ ಬಿದ್ದೆ. ಶಾಲೆಯಲ್ಲಿ ಕೂಗಿದರೆ ಮಕ್ಕಳು ಒಂದು ಗಳಿಗೆಯಾದರೂ ಸುಮ್ಮನಾಗುತ್ತಾರೆ. ಮನೆಯಲ್ಲಿ ಬೆಳಗಿನ ಕಾಫಿಯಿಂದ ಹಾಸಿಗೆ ಹಾಸುವವರೆಗೆ ಪ್ರತಿಯೊಂದನ್ನೂ ಕೂಗಿಯೇ ಹೇಳುತ್ತೇನೆ. ಮೌನ ಶುರುವಾದ ಮೇಲೆ ನಮ್ಮಿಬ್ಬರ ನಡುವೆ ಒಂದು ಜಗಳವೂ ಆಗಿಲ್ಲ. ಸ್ಲೇಟು ತೋರಿಸಿದರೆ ತಕ್ಷಣ ಉತ್ತರ ಕೊಡುತ್ತಾರೆ, ಒಮ್ಮೊಮ್ಮೆ ನಗುತ್ತಾರೆ ಕೂಡ. ರೀ, ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಬಹಳ ವರ್ಷಗಳಿಂದಲೇ ಕೇಳಿಸುತ್ತಿಲ್ಲ. ಅದನ್ನು ಮೊಂಡುತನ ಎಂದು ತಿಳಿದು ನಾನು ದಿನಾ ರೇಗುತ್ತಿದ್ದೆ. ನನ್ನ ರೇಗಾಟ ಕಂಡು ಅವರು ಕೊಬ್ಬು ಎಂದುಕೊಂಡರು.

ಶ್ರೀದೇವಿ

*

ಬೆಂಗಳೂರು
20 ಆಗಸ್ಟ್ 2025

ಚಿರಂಜೀವಿ ಚಿದಾನಂದನಿಗೆ ನಿನ್ನ ತಾಯಿಯ ಆಶೀರ್ವಾದ.

ನಿನ್ನ ಹೆಂಡತಿ ವಾರಕ್ಕೊಂದು ಕಾಗದ ಬರೆಯುತ್ತಾಳೆ. ಅದರಲ್ಲಿ ನನ್ನದು ಏನೇನು ಬಂದಿದೆಯೋ ಶಿವನೇ ಬಲ್ಲ. ಸೋಮವಾರದ ವಿಷಯ ಮಾತ್ರ ನನ್ನ ಕೈಯಿಂದಲೇ ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಜನ ಬಹಳ ಬಂದಿದ್ದರು. ಅಯ್ಯನವರ ಪಾದಪೂಜೆ ಆಯಿತು. ಶ್ರೀದೇವಿ ಹಸಿರು ರೇಷ್ಮೆಸೀರೆ ಉಟ್ಟು, ವಿಭೂತಿ ಧರಿಸಿ ಕೂತಿದ್ದಳು. ಮಡಿಲಲ್ಲಿ ಒಂದು ಮಡಿಸಿದ ಕಾಗದ ಇತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೂ ಸುಲಭವಾಗುತ್ತಿತ್ತು, ನಾನೂ ಹಟ ಹಿಡಿಯುತ್ತಿದ್ದೆ. ಮೈಕು ತಂದು ಅವಳ ಮುಂದೆ ಇಟ್ಟರು. ಅವಳು ಅದನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದಳು.

ನಾನು ಎದ್ದು ನಿಂತೆ. ಹೇಳಿದೆ: ‘ಇದು ವ್ರತ ಅಲ್ಲ. ನಾವಿಬ್ರೂ ಜಗಳ ಆಡಿದ್ವಿ. ಕೂಗಾಡಿ ನನ್ನ ಸೊಸೆ ಗಂಟಲಲ್ಲಿ ರಕ್ತ ಬಂತು. ಅವಳು ಮಾತಾಡಿದ್ರೆ ದನಿ ಹೋಗ್ತದೆ ಅಂದಿದ್ದಾರೆ ಡಾಕ್ಟ್ರು. ನಾಲ್ಕು ಜನ ಆಡ್ಕೋತಾರೆ ಅಂತ ನಾನು ಸುಳ್ಳು ಹೇಳ್ದೆ.’ ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ.

ಬಳಗದ ಇಬ್ಬರು ಮುಖ ತಿರುಗಿಸಿ ಊಟ ಮಾಡದೆ ಎದ್ದುಹೋದರು. ಹಾಲ್ ಟಿಕೆಟ್ ಮುಟ್ಟಿಸಿಕೊಂಡವಳು ಅವರಲ್ಲೊಬ್ಬಳು, ಹುಡುಗ ಪಾಸಾದನೋ ಇಲ್ಲವೋ ಗೊತ್ತಿಲ್ಲ. ಅಯ್ಯನವರು ನನ್ನನ್ನು ನೋಡಿ ತಲೆಯಾಡಿಸಿದರು, ಬೈದರೋ ಹರಸಿದರೋ ತಿಳಿಯಲಿಲ್ಲ. ಆಗ ಮುನಿವೆಂಕಟಮ್ಮ ಹಿಂದಿನಿಂದ ಎದ್ದು ಬಂದು ನನ್ನ ಮುಖಕ್ಕೆ ಮುಖವಿಟ್ಟು ಕೇಳಿದಳು: ‘ಅದೆಲ್ಲ ಇರ್ಲಿ. ನಾಳೆ ಸಾಯಂಕಾಲ ಕೂತ್ಕೊಳೋದು ಐತೋ ಇಲ್ವೋ? ಅದೊಂದು ಹೇಳಮ್ಮಿ.’

ನಾನು ಶ್ರೀದೇವಿಯ ಮುಖ ನೋಡಿದೆ. ಅವಳು ಹೂಂ ಎಂದು ತಲೆಯಾಡಿಸಿದಳು. ಮಂಗಳವಾರ ಎಂಟು ಜನ ಬಂದಿದ್ದರು. ನಾನೂ ಕೂತೆ. ಇಷ್ಟು ದಿನ ಚಾಪೆ ಹಾಸುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು.

ಇನ್ನು ನನ್ನ ಕಿವಿ. ಅದಕ್ಕೆ ಏನೂ ಆಗಿಲ್ಲ. ಈಗಿನವರು ಮಾತಾಡುವಾಗ ಬಾಯಿ ತೆರೆಯುವುದಿಲ್ಲ, ಅಷ್ಟೇ.

ಗಣೇಶನ ಹಬ್ಬಕ್ಕೆ ಬಾ. ಬರುವಾಗ ಅಲ್ಲಿಯ ಕಡಲೆಬೇಳೆ ತಾ.

ನಿನ್ನ ತಾಯಿ
ಗಿರಿಜಾದೇವಿ

*

ಸಿಂಧನೂರು
14 ಸೆಪ್ಟೆಂಬರ್ 2025

ಶ್ರೀ,

ಹಬ್ಬಕ್ಕೆ ಬಂದು ಹೋದಾಗಿನಿಂದ ಬರೆಯಬೇಕು ಎಂದುಕೊಳ್ಳುತ್ತಲೇ ಇದ್ದೆ. ರಕ್ತ ಪೂರ್ತಿ ಕರಗಿದೆ, ಗುನುಗುವ ಅಭ್ಯಾಸ ಶುರುವಾಗಿದೆ ಎಂಬ ನಿನ್ನ ಕಾರ್ಡು ಬಂತು. ಬ್ಯಾಂಕಿನಲ್ಲಿ ಓದಿದೆ, ಎದುರಿಗಿದ್ದವರು ಏನು ಸಾರ್ ಪ್ರಮೋಷನ್ನಾ ಎಂದು ಕೇಳಿದರು.

ಅಲ್ಲಿ ನಾಲ್ಕು ದಿನ ನಿಮ್ಮಿಬ್ಬರನ್ನೂ ನೋಡಿದೆ. ಅಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹಿಂದೆ ನಿಂತು ಕರೆದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಕರೆದೆ. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದರು. ಪರೀಕ್ಷೆ ಮಾಡಿಸೋಣ ಎಂದರೆ, ‘ಈ ವಯಸ್ಸಲ್ಲಿ ಮಿಷನ್ ಸಿಗಿಸ್ಕೊಂಡು ಕಿವುಡಿ ಅಂತ ಕರೆಸ್ಕೊಳ್ಳಲಾ?’ ಎಂದು ಬಾಗಿಲು ಹಾಕಿಕೊಂಡರು. ನನ್ನ ಮಾತು ನಡೆಯಲಿಲ್ಲ. ನಿಜ ಹೇಳಬೇಕೆಂದರೆ, ತಿಂಗಳಿಗೊಮ್ಮೆ ಬಂದು ಹೋಗುವ ನನಗೆ ಅದು ಅನುಭವಕ್ಕೇ ಬಂದಿರಲಿಲ್ಲ. ಅದರ ಭಾರವನ್ನು ನಿನ್ನ ಗಂಟಲು ಹೊತ್ತಿತ್ತು.

ನೀನು ಕೆಲಸ ಬಿಡಬೇಡ. ನಾನು ಆ ಮಾತು ಆಡಬಾರದಿತ್ತು.

ಸಂಜೆ ನಿಮ್ಮ ಜೊತೆ ಕೂತಿದ್ದು ಹಿಡಿಸಿತು. ಇಲ್ಲಿ ರೂಮಿನಲ್ಲಿ ಒಬ್ಬನೇ ಕೂರಲು ನೋಡುತ್ತೇನೆ, ಐದು ನಿಮಿಷಕ್ಕೆ ನಿದ್ದೆ ಬರುತ್ತದೆ. ಮಾತಾಡಲು ಅಪ್ಪಣೆ ಸಿಕ್ಕಿದ ದಿನ ಮೊದಲ ಮಾತು ನನಗೇ ಇರಲಿ. ಮಧ್ಯರಾತ್ರಿಯಾದರೂ ಫೋನ್ ಮಾಡು.

ನಿನ್ನ
ಚಿದಾನಂದ

*

ಬೆಂಗಳೂರು
26 ಅಕ್ಟೋಬರ್ 2025, ಭಾನುವಾರ

ರೀ,

ನಾಳೆ ಶಾಲೆಗೆ ಹೋಗುತ್ತೇನೆ.

ಮಾತಾಡಬಹುದು ಎಂದು ಡಾಕ್ಟರು ಹೇಳಿ ಎರಡು ವಾರವಾಯಿತು. ನೀವು ಮೊದಲ ಮಾತು ಕೇಳಿದ್ದಿರಿ. ಅದು ನಿಮಗೆ ಸಿಗಲಿಲ್ಲ, ಕ್ಷಮಿಸಿ. ದೀಪಾವಳಿಗೆ ಆಡಿಟ್ ಎಂದು ಬರದೆ ಉಳಿದವರು ನೀವೇ. ಈಗಲೂ ದಿನಕ್ಕೆ ಇಷ್ಟೇ ಎಂದು ಅಳೆದು ಮಾತಾಡಬೇಕು. ಇದ್ದದ್ದನ್ನೆಲ್ಲ ನಾಳೆಯ ಮಕ್ಕಳಿಗೆ ಉಳಿಸಿಕೊಂಡಿದ್ದೇನೆ. ಆದ್ದರಿಂದ ಇದನ್ನೂ ಬರೆದೇ ಹೇಳುತ್ತೇನೆ.

ದನಿ ಬಂದಿದೆ, ಮೊದಲಿನ ದನಿಯಲ್ಲ. ತಗ್ಗಿದೆ, ಸ್ವಲ್ಪ ಒರಟಾಗಿದೆ. ಇನ್ನು ಜೀವಮಾನದಲ್ಲಿ ಕೂಗುವ ಹಾಗಿಲ್ಲ. ಎಚ್.ಎಂ. ಎದುರು ಕೂತು ಮಾತಾಡಿದಾಗ, ‘ಇಷ್ಟು ಸಣ್ಣ ದನೀಲಿ ಕ್ಲಾಸ್ ಹೇಗೆ ಕಂಟ್ರೋಲ್ ಮಾಡ್ತೀರಿ ಶ್ರೀದೇವಿ?’ ಎಂದು ಅನುಮಾನಪಟ್ಟರು. ಕಾಲರ್ ಮೈಕು ಹಾಕಿಕೊಳ್ಳುತ್ತೇನೆ, ಬೆಂಚುಗಳನ್ನು ಗೋಡೆಯ ಸುತ್ತ ತಿರುಗಿಸಿ ಹಾಕಿ ನಡುವೆ ನಿಲ್ಲುತ್ತೇನೆ, ಡಿಸೆಂಬರಿನವರೆಗೆ ನೋಡಿ ಎಂದೆ. ಮೊದಲಾಗಿದ್ದರೆ ಈ ಮಾತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಉಸಿರು ಹೊಟ್ಟೆಯಲ್ಲೇ ಇತ್ತು, ಭುಜ ಏಳಲಿಲ್ಲ. ಅವರು ಒಪ್ಪಿದರು.

ಶಾಲೆಯ ಚಿಂತೆ ಹೀಗೆ ತೀರಿತು, ಮನೆಯದು ಉಳಿದಿತ್ತು. ‘ಶಾಲೇಲಿ ಮೈಕ್ ಇದೆ ಮೇಡಂ, ಮನೇಲಿ? ಮತ್ತೆ ಕೂಗಿದ್ರೆ ಮತ್ತೆ ರಕ್ತ ಬರುತ್ತೆ, ಆಗ ನಾನೂ ಏನೂ ಮಾಡೋಕಾಗಲ್ಲ’ ಎಂದಿದ್ದರು ಶ್ವೇತ. ಅಪ್ಪಣೆ ಸಿಕ್ಕಿದ ದಿನ ಮನೆಗೆ ಬಂದು ‘ಅತ್ತೆ’ ಎಂದೆ. ಸೊಪ್ಪು ಬಿಡಿಸುತ್ತಿದ್ದರು. ನನ್ನ ತುಟಿ ಅಲ್ಲಾಡಿದ್ದು ಕಂಡು ಎದ್ದು ನಿಂತರು. ಮತ್ತೊಮ್ಮೆ ಅಷ್ಟೇ ಮೆಲ್ಲಗೆ ಕರೆದೆ. ‘ಏನಂದೆ?’ ಎಂದರು. ದನಿ ಏರಿಸುವುದು ಬಹಳ ಸುಲಭವಿತ್ತು. ಏರಿಸಲಿಲ್ಲ, ಸ್ಲೇಟು ತೆಗೆದುಕೊಂಡೆ. ಅವರು ಸ್ಲೇಟನ್ನು ಓದಲಿಲ್ಲ, ನನ್ನನ್ನೇ ನೋಡುತ್ತ ನಿಂತರು. ಬೀದಿಗೆಲ್ಲ ಕೇಳುತ್ತಿದ್ದ ಸೊಸೆಯ ದನಿ ವಾಪಸು ಬಂದಿದೆ, ತಮಗೊಬ್ಬರಿಗೆ ಅದು ಕೇಳುವುದಿಲ್ಲ. ಅವತ್ತು ರಾತ್ರಿ ಊಟ ಬಿಟ್ಟರು.

ನಾನು ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ನಡೆದೆ, ಸಂಜೆ ಕೂತೆ, ಮನೆಯಲ್ಲಿ ಸ್ಲೇಟಿನಲ್ಲೇ ಮಾತಾಡಿದೆ.

ನಿನ್ನೆ ಮಧ್ಯಾಹ್ನ ಮುನಿವೆಂಕಟಮ್ಮನವರ ಜೊತೆ ಆಟೋ ಹತ್ತಿ ಹೋದರು. ಕೇಳಿದರೆ ಜಯನಗರದಲ್ಲಿ ಬ್ಲೌಸ್ ಪೀಸ್ ತರಬೇಕು ಎಂದರು. ಸಂಜೆಗೆ ಬರಿಗೈಲಿ ಬಂದರು, ತಲೆತುಂಬ ಸೆರಗು ಹೊದ್ದುಕೊಂಡಿದ್ದರು. ಹೊರಗೆ ಯಾರೋ ಸ್ಕೂಟರ್ ಹಾರ್ನ್ ಹೊಡೆದದ್ದಕ್ಕೆ ಹೌಹಾರಿ ಕಿವಿ ಮುಚ್ಚಿಕೊಂಡರು. ಆಗ ಸೆರಗು ಜಾರಿತು. ಎರಡು ಕಿವಿಯ ಹಿಂದೆಯೂ ಮಿಷನ್ ಇತ್ತು.

ಮುನಿವೆಂಕಟಮ್ಮನವರು ಗೇಟು ಹಾಕಿಕೊಂಡು ಹೋದರು. ಅತ್ತೆ ಕುರ್ಚಿ ಎಳೆದು ನನ್ನ ಎದುರು ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ‘ಈಗ ಮಾತಾಡು’ ಎಂದರು.

ಏನು ಮಾತಾಡಲಿ? ಮೂರು ತಿಂಗಳು ತಲೆಯಲ್ಲಿ ಕೂಡಿಟ್ಟ ಚೆನ್ನಾದ ಉತ್ತರಗಳಲ್ಲಿ ಒಂದೂ ನೆನಪಾಗಲಿಲ್ಲ. ಹೊಟ್ಟೆಯಿಂದ ಉಸಿರು ತೆಗೆದುಕೊಂಡು, ನನಗೆ ಎಷ್ಟು ಮೆಲ್ಲಗೆ ಆಗುತ್ತದೋ ಅಷ್ಟು ಮೆಲ್ಲಗೆ, ‘ಅತ್ತೆ, ಕಾಫಿ ಕುಡೀತೀರಾ?’ ಎಂದೆ.

ಅವರ ಕಣ್ಣು ತುಂಬಿ ಬಂತು. ಆದರೂ ಮುಖ ಸಿಂಡರಿಸಿ, ಗದರಿಸಿದರು.

‘ಯಾಕಮ್ಮ ಅಷ್ಟು ಗಟ್ಟಿಯಾಗಿ ಕೂಗ್ತೀಯ? ಮೆತ್ತಗೆ ಹೇಳು, ಕೇಳಿಸ್ತದೆ.’

ನಿಮ್ಮ
ಶ್ರೀದೇವಿ